ಪಾಠಗೋಷ್ಠಿಗೆ ನಾಮಕರಣ

॥ ಶ್ರೀಗುರುಭ್ಯೋ ನಮಃ ಹರಿಃ ಓಂ ॥

ಮನೆಯಲ್ಲಿ ಶಿಶು ಜನಿಸಿದಾಗ ನಾವು ಒಂದೇ ಹೆಸರಿನಿಂದ ತೃಪ್ತರಾಗುವುದಿಲ್ಲ. ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ದೇವತಾನಾಮ, ಮಾಸನಾಮ, ನಕ್ಷತ್ರನಾಮ, ವ್ಯಾವಹಾರಿಕನಾಮಗಳನ್ನು ಬರೆದು, ಶಿಶುವಿನ ಕಿವಿಯಲ್ಲಿ ಉಚ್ಚರಿಸುತ್ತೇವೆ. ಒಂದೊಂದು ಹೆಸರಿಗೂ ಒಂದೊಂದು ಪ್ರಯೋಜನವುಂಟು. ಹೀಗಿರುವಾಗ ಶಾಸ್ತ್ರಚಿಂತನೆಗೆಂದು ಹುಟ್ಟಿದ ಗೋಷ್ಠಿಗೆ ವಿಚಾರವಿಲ್ಲದೆ ಹೆಸರಿಡುವುದು ಉಚಿತವೇ? ಈ ಪ್ರಶ್ನೆ ನಮಗೆ ಅನುಭವದಿಂದಲೇ ಎದುರಾಯಿತು.

ವೈಟ್‌ಫೀಲ್ಡಿನ ಸುತ್ತಮುತ್ತ ನೆಲೆಸಿರುವ ಕೆಲವು ಮಾಧ್ವ ಕುಟುಂಬಗಳು ಭಾನುವಾರದ ಬೆಳಗ್ಗೆ ಒಂದೆಡೆ ಸೇರಿ ಶ್ರೀಮದಾಚಾರ್ಯರ ಪ್ರಕರಣಗ್ರಂಥಗಳನ್ನು ಓದಲು ಆರಂಭಿಸಿದವು. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಲ್ಲಿ ದುಡಿಯುವವರೂ, ಪೀಣ್ಯದ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರೂ ಬರುತ್ತಿದ್ದರು. ಗೋಷ್ಠಿಗೊಂದು ಹೆಸರು ಬೇಕೆಂದಾಗ, ನಮ್ಮ ಮಠಪರಂಪರೆಯ ಯತಿವರ್ಯರೊಬ್ಬರ ಹೆಸರನ್ನು ನಾವೇ ಸೂಚಿಸಿದೆವು. ಭಕ್ತಿಯಿಂದ ಸೂಚಿಸಿದುದು ನಿಜ. ಆದರೆ ಕುಳಿತವರಲ್ಲಿ ಮೂರು ನಾಲ್ಕು ಮಠಗಳ ಶಿಷ್ಯರಿದ್ದರೆಂಬುದನ್ನು ಮರೆತೆವು. ಯಾರೂ ಎದುರಾಡಲಿಲ್ಲ. ಮುಂದಿನ ಭಾನುವಾರ ಒಂದು ಕುಟುಂಬ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ತಪ್ಪು ನಮ್ಮದೆಂದು ಆಗ ತಿಳಿಯಿತು.

ಹೆಸರಿಡುವ ಮಾರ್ಗಗಳು ಹಲವು. ನಮ್ಮ ಸುತ್ತಲಿನ ಊರುಗಳನ್ನೇ ನೋಡಬಹುದು. 1882ರಲ್ಲಿ ಮೈಸೂರಿನ ಮಹಾರಾಜರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ ಭೂಮಿಯನ್ನು ಕೊಟ್ಟಾಗ, ಆ ಸಂಘದ ಮುಖ್ಯರಾಗಿದ್ದ ವೈಟ್ ಎಂಬವರಿಂದ ವೈಟ್‌ಫೀಲ್ಡಿಗೆ ಆ ಹೆಸರು ಬಂದಿತು. ಎಲೆಕ್ಟ್ರಾನಿಕ್ ಸಿಟಿಗೆ ಅಲ್ಲಿ ನಡೆಯಬೇಕಾದ ಕೆಲಸದಿಂದ ಹೆಸರಾಯಿತು. ಪೀಣ್ಯ ಮಾತ್ರ ಕಾರ್ಖಾನೆಗಳು ಬಂದ ಮೇಲೂ ಹಳೆಯ ಹಳ್ಳಿಯ ಹೆಸರನ್ನೇ ಉಳಿಸಿಕೊಂಡಿದೆ. ವ್ಯಕ್ತಿ, ಕಾರ್ಯ, ಸ್ಥಳ ಎಂಬ ಈ ಮೂರರಲ್ಲಿ ಗೋಷ್ಠಿಗೆ ಯಾವುದು ತಕ್ಕುದು?

ವ್ಯಕ್ತಿಯ ಹೆಸರಿಡುವುದಾದರೆ ಅದು ಎಲ್ಲರಿಗೂ ಸಮಾನವಾದುದಾಗಿರಬೇಕು. ತಂದೆತಾಯಿಗಳು ಇಟ್ಟ ವಾಸುದೇವ, ಸಂನ್ಯಾಸದಲ್ಲಿ ಬಂದ ಪೂರ್ಣಪ್ರಜ್ಞ, ವೇದಾಂತಪೀಠದ ಅಭಿಷೇಕದಲ್ಲಿ ಬಂದ ಆನಂದತೀರ್ಥ, ವೇದಪ್ರಸಿದ್ಧವಾದ ಮಧ್ವ ಎಂದು ಶ್ರೀಮದಾಚಾರ್ಯರಿಗೆ ಹಲವು ನಾಮಗಳು. ಇವು ಯಾವ ಒಂದು ಮಠದ ಸೊತ್ತೂ ಅಲ್ಲ. 1956ರಲ್ಲಿ ಪೇಜಾವರ ಮಠದ ಶ್ರೀವಿಶ್ವೇಶತೀರ್ಥರು ಬೆಂಗಳೂರಿನಲ್ಲಿ ವಿದ್ಯಾಪೀಠವನ್ನು ಸ್ಥಾಪಿಸಿದಾಗ ಅದಕ್ಕೆ ಪೂರ್ಣಪ್ರಜ್ಞ ಎಂಬ ಹೆಸರೇ ಆಯಿತೆಂಬುದು ಇಲ್ಲಿ ಸ್ಮರಣೀಯ.

ಇನ್ನು ಸಿದ್ಧಾಂತದ ಹೆಸರು. ತರುಣರು 'ದ್ವೈತ' ಎಂಬ ಪದವಿರಲಿ ಎಂದರು. ಲೋಕದಲ್ಲಿ ಅದೇ ಪ್ರಸಿದ್ಧ. ಆದರೆ ಎರಡು ಎಂದಷ್ಟೇ ಹೇಳಿದರೆ ಯಾವ ಎರಡು ಎಂಬ ಶಂಕೆ ಉಳಿಯುತ್ತದೆ. ಜೀವ, ಈಶ್ವರ, ಜಡಗಳ ನಡುವೆ ನಾವು ಹೇಳುವ ಭೇದಗಳು ಐದು. ತತ್ತ್ವಸಂಖ್ಯಾನದ ಆರಂಭದಲ್ಲಿ ಆಚಾರ್ಯರು ಮಾಡಿದ ವಿಭಾಗವು ಸ್ವತಂತ್ರ, ಅಸ್ವತಂತ್ರ ಎಂಬುದು. ವಿಷ್ಣುವೊಬ್ಬನೇ ಸ್ವತಂತ್ರ, ಮಿಕ್ಕೆಲ್ಲವೂ ಅವನ ಅಧೀನ. ದ್ವೈತ ಪದವನ್ನು ಈ ಅರ್ಥದಲ್ಲಿ ತಿಳಿದರೆ ದೋಷವಿಲ್ಲ. ಸಮಬಲದ ಎರಡು ವಸ್ತುಗಳೆಂದು ತಿಳಿದರೆ ಸಿದ್ಧಾಂತಹಾನಿ. ನಮ್ಮವರು ಆದರಿಸಿದ ಹೆಸರು 'ತತ್ತ್ವವಾದ'. ಪರಂಪರೆಯ ಹೊರಗಿನವರೂ ಇದನ್ನು ಬಲ್ಲವರಾಗಿದ್ದರು. ಬಂಗಾಳದ ಕೃಷ್ಣದಾಸ ಕವಿರಾಜರು ಚೈತನ್ಯಚರಿತಾಮೃತದಲ್ಲಿ ಉಡುಪಿಯವರನ್ನು ತತ್ತ್ವವಾದಿಗಳೆಂದೇ ಕರೆದಿದ್ದಾರೆ.

ಗ್ರಂಥನಾಮಗಳಿಂದಲೂ ಕಲಿಯತಕ್ಕುದಿದೆ. ಅನುವ್ಯಾಖ್ಯಾನಕ್ಕೆ ಶ್ರೀಜಯತೀರ್ಥರು ರಚಿಸಿದ ಟೀಕೆಗೆ ನ್ಯಾಯಸುಧಾ ಎಂದು ಹೆಸರು. ಸುಧೆಗೆ ಶ್ರೀರಾಘವೇಂದ್ರತೀರ್ಥರು ಬರೆದ ವ್ಯಾಖ್ಯಾನಕ್ಕೆ ಪರಿಮಳ ಎಂದು ಹೆಸರು. ಶ್ರೀವ್ಯಾಸತೀರ್ಥರು ನ್ಯಾಯಾಮೃತವನ್ನು ರಚಿಸಿದರು. ಅದನ್ನು ಮಧುಸೂದನ ಸರಸ್ವತಿಗಳು ಅದ್ವೈತಸಿದ್ಧಿಯಲ್ಲಿ ಖಂಡಿಸಲು ಯತ್ನಿಸಿದಾಗ, ರಾಮಾಚಾರ್ಯರು ಕೊಟ್ಟ ಉತ್ತರವು ತರಂಗಿಣೀ ಎನಿಸಿತು. ಅಮೃತವೇ ಹೊಳೆಯಾಗಿ ಹರಿಯಿತೆಂಬ ಭಾವ. ಇವುಗಳಲ್ಲಿ ಯಾವುದರಲ್ಲಿಯೂ ಗ್ರಂಥಕಾರರ ಹೆಸರಿಲ್ಲ. ಹಿಂದಿನವರ ಸೇವೆಯೇ ಎದ್ದು ಕಾಣುತ್ತದೆ.

ಹಾಗಾದರೆ ತತ್ತ್ವವಾದ ಎಂದೇ ಇಡೋಣವೆಂದು ಹಲವರು ಒಪ್ಪಿದರು. ಆಗ ಪೀಣ್ಯದ ಹಿರಿಯರು ಮೆಲ್ಲಗೆ ಹೇಳಿದರು: "ಆಚಾರ್ಯರೇ, ನನಗೆ ಸಂಸ್ಕೃತ ಬರುವುದಿಲ್ಲ. ವಾದವೆಂದರೆ ಜಗಳವೆಂದೇ ನಮ್ಮ ಮನೆಯಲ್ಲಿ ಅರ್ಥ. ಹೆಸರನ್ನು ನೋಡಿದವನಿಗೆ ಒಳಗೆ ಬರಲು ಧೈರ್ಯ ಬರಬೇಕಲ್ಲವೇ?"

ಈ ಮಾತಿಗೆ ಉತ್ತರವು ಆಚಾರ್ಯರ ಕಥಾಲಕ್ಷಣದಲ್ಲಿದೆ. ದಶಪ್ರಕರಣಗಳಲ್ಲೊಂದಾದ ಈ ಕಿರುಗ್ರಂಥವು ಚರ್ಚೆಯನ್ನು ವಾದ, ಜಲ್ಪ, ವಿತಂಡಾ ಎಂದು ಮೂರಾಗಿ ವಿಂಗಡಿಸುತ್ತದೆ. ತತ್ತ್ವನಿರ್ಣಯವೊಂದನ್ನೇ ಉದ್ದೇಶಿಸಿ ಗುರುಶಿಷ್ಯರಾಗಲಿ ಇತರ ಸಜ್ಜನರಾಗಲಿ ನಡೆಸುವುದು ವಾದ. ಕೀರ್ತಿಗಾಗಿಯೋ ಸ್ಪರ್ಧೆಯಿಂದಲೋ ಸಜ್ಜನರು ನಡೆಸುವುದು ಜಲ್ಪ. ದುರ್ಜನರೊಡನೆ ಸಜ್ಜನರು ತಮ್ಮ ತತ್ತ್ವವನ್ನು ಪ್ರಕಟಿಸದೆ ನಡೆಸುವುದು ವಿತಂಡಾ. ಮನೆಯಲ್ಲಿ ನಾವು ಸಾಮಾನ್ಯವಾಗಿ ವಾದವೆಂದು ಕರೆಯುವುದು ಬಹುಪಾಲು ಜಲ್ಪವೇ. ವಾದದಲ್ಲಿ ಸೋತವನೂ ತತ್ತ್ವವನ್ನು ಪಡೆದು ಏಳುತ್ತಾನೆ. ಆದುದರಿಂದ ಅಲ್ಲಿ ಸೋಲೆಂಬುದೇ ಇಲ್ಲ. ಈ ದೃಷ್ಟಿಯಿಂದ ನೋಡಿದರೆ, ನಮ್ಮ ಮಠದ ಹೆಸರನ್ನು ನಾವು ಮುಂದಿಟ್ಟುದೂ ತಿಳಿಯದೆ ಮಾಡಿದ ಜಲ್ಪವೇ ಆಗಿತ್ತು.

ಹಿರಿಯರ ಸಂಕೋಚವನ್ನೂ ಅಲಕ್ಷಿಸುವಂತಿರಲಿಲ್ಲ. ಹೆಸರು ಶಾಸ್ತ್ರಸಮ್ಮತವಾದರೆ ಸಾಲದು, ಕರೆಯುವಂತೆಯೂ ಇರಬೇಕು. ಕೊನೆಗೆ ಅವರೇ ಒಂದು ಪದವನ್ನು ಸೇರಿಸಿದರು: 'ತತ್ತ್ವವಾದ ಪಾಠಗೋಷ್ಠಿ'. ಪಾಠ ಎಂದಮೇಲೆ ತಿಳಿಯದವನಿಗೂ ಸ್ಥಳವುಂಟು. ಅಂದೇ ಸಂಜೆ ನಾವು ಬಾರದೆ ಉಳಿದ ಕುಟುಂಬದ ಮನೆಗೆ ಹೋಗಿ, ನಮ್ಮ ತಪ್ಪನ್ನು ಒಪ್ಪಿಕೊಂಡು, ಹೊಸ ಹೆಸರನ್ನು ತಿಳಿಸಿದೆವು. ಯಜಮಾನರು ಕಾಫಿ ಕೊಟ್ಟರು, ಹೆಚ್ಚೇನೂ ಹೇಳಲಿಲ್ಲ. ಮುಂದಿನ ಭಾನುವಾರ ತಮ್ಮ ತಂದೆಯವರ ಕಾಲದ ಹಳೆಯ ದಶಪ್ರಕರಣದ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಎಲ್ಲರಿಗಿಂತ ಮೊದಲೇ ಬಂದಿದ್ದರು.

ಓದುಗ ಬಂಧುಗಳೂ ತಮ್ಮ ಬಡಾವಣೆಗಳಲ್ಲಿ ಇಂತಹ ಗೋಷ್ಠಿಗಳನ್ನು ಆರಂಭಿಸುವಾಗ ಮೂರು ವಿಷಯಗಳನ್ನು ವಿಚಾರಿಸಬೇಕು. ಹೆಸರು ನಡೆಯುವ ಕಾರ್ಯವನ್ನು ಹೇಳುತ್ತದೆಯೇ? ಬರುವ ಎಲ್ಲರಿಗೂ ಸಮಾನವೇ? ಏನೂ ತಿಳಿಯದವನನ್ನೂ ಒಳಗೆ ಕರೆಯುತ್ತದೆಯೇ? ಎಲ್ಲ ಶಬ್ದಗಳೂ ಪರಮಮುಖ್ಯವಾಗಿ ಶ್ರೀಹರಿಯನ್ನೇ ಹೇಳುತ್ತವೆಂಬುದು ನಮ್ಮ ಸಿದ್ಧಾಂತ. ನಾವು ಆರಿಸಿದ ಹೆಸರೂ ಕೊನೆಗೆ ಅವನದೇ ಎಂದು ನೆನೆದರೆ, ಹೆಸರಿಗಾಗಿ ಕಲಹಕ್ಕೆ ಅವಕಾಶವೆಲ್ಲಿ?

॥ ಶ್ರೀಕೃಷ್ಣಾರ್ಪಣಮಸ್ತು ॥