ತಂತ್ರಾಂಶದ ಕಟ್ಟುಪಾಡು ಮತ್ತು ಮುಕ್ತ ಸ್ಪರ್ಧೆ

ಹೊಳೆಯ ಆಚೆ ಸಂತೆ. ದಾಟಲು ಇರುವುದು ಒಂದೇ ದೋಣಿಯೆಂದು ಭಾವಿಸೋಣ. ‘ಹೊಳೆ ತುಂಬಿರುವಾಗ 10 ಜನಕ್ಕಿಂತ ಹೆಚ್ಚು ಹತ್ತಕೂಡದು’ ಎಂದು ಅಂಬಿಗನು ವಿಧಿಸಿದರೆ ನಾವು ಒಪ್ಪುತ್ತೇವೆ. ‘ನನ್ನ ತಮ್ಮನ ಸರಕನ್ನಲ್ಲದೆ ಬೇರೆಯವರದನ್ನು ಸಾಗಿಸುವುದಿಲ್ಲ’ ಎಂದರೆ? ಎರಡೂ ನಿರ್ಬಂಧಗಳೇ, ಆದರೆ ಮೊದಲನೆಯದು ಪ್ರಯಾಣಿಕರ ಹಿತಕ್ಕೆ, ಎರಡನೆಯದು ಪೈಪೋಟಿಯನ್ನು ಅಡಗಿಸುವುದಕ್ಕೆ. ಕಂಪನಿಗಳು ತಂತ್ರಾಂಶದಲ್ಲಿ ಹಾಕುವ ಕಟ್ಟುಪಾಡುಗಳನ್ನೂ ಹೀಗೆ ವಿಂಗಡಿಸಬಹುದೇ?

ಇದನ್ನು ತಿಳಿಯಲು ಅಮೆರಿಕದ ಒಂದು ಪ್ರಸಿದ್ಧ ಮೊಕದ್ದಮೆಯನ್ನು ನೋಡೋಣ. ಗಣಕದ ಇತರ ತಂತ್ರಾಂಶಗಳೆಲ್ಲಕ್ಕೂ ಆಧಾರವಾಗಿರುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. 1990ರ ದಶಕದ ಕೊನೆಯಲ್ಲಿ ಇಂಟೆಲ್ ಮಾದರಿಯ ವೈಯಕ್ತಿಕ ಗಣಕಗಳ ಪೈಕಿ ಶೇಕಡ 90ಕ್ಕಿಂತ ಹೆಚ್ಚಿನವುಗಳಲ್ಲಿ ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ ಇತ್ತು. ಅಂತರಜಾಲದ ಪುಟಗಳನ್ನು ತೋರುವ ಬ್ರೌಸರುಗಳಲ್ಲಿ ಮೊದಲು ಮುಂದಿದ್ದದ್ದು ನೆಟ್‌ಸ್ಕೇಪ್. ಬ್ರೌಸರನ್ನೇ ಆಧಾರವಾಗಿಟ್ಟುಕೊಂಡು ಇತರ ತಂತ್ರಾಂಶಗಳು ನಡೆಯುವಂತಾದರೆ ವಿಂಡೋಸಿನ ಅನಿವಾರ್ಯತೆ ಕುಗ್ಗುವ ಸಂಭವವಿತ್ತು. ಮೈಕ್ರೋಸಾಫ್ಟ್ ತನ್ನ ಇಂಟರ್‌ನೆಟ್ ಎಕ್ಸ್‌ಪ್ಲೋರರನ್ನು ವಿಂಡೋಸಿನೊಡನೆ ಹೆಣೆಯಿತು. ಗಣಕ ತಯಾರಕರು ಅದರ ಚಿಹ್ನೆಯನ್ನು ತೆರೆಯಿಂದ ತೆಗೆಯದಂತೆ ಕರಾರು ವಿಧಿಸಿತು. 1998ರಲ್ಲಿ ಸರ್ಕಾರವು ಮೊಕದ್ದಮೆ ಹೂಡಿತು.

2001ರಲ್ಲಿ ಮೇಲ್ಮನವಿ ನ್ಯಾಯಾಲಯವು ನಡೆಸಿದ ವಿಚಾರವನ್ನು ಮೂರು ಪ್ರಶ್ನೆಗಳಲ್ಲಿ ಅಡಕಗೊಳಿಸಬಹುದು. ಕಂಪನಿಗೆ ಮಾರುಕಟ್ಟೆಯಲ್ಲಿ ಪ್ರಾಬಲ್ಯವಿದೆಯೆ? ಅದರ ನಡತೆಯಿಂದ ಸ್ಪರ್ಧೆಗೆ ಹಾನಿಯಿದೆಯೆ? ಆ ನಡತೆಗೆ ಯೋಗ್ಯವಾದ ಕಾರಣವಿದೆಯೆ?

ಈ ಒರೆಗಲ್ಲಿನ ಫಲವು ಗಮನಾರ್ಹವಾದುದು. ಬೇಡವಾದ ತಂತ್ರಾಂಶಗಳನ್ನು ತೆಗೆದುಹಾಕುವ ಪಟ್ಟಿಯಲ್ಲಿ ಎಕ್ಸ್‌ಪ್ಲೋರರನ್ನು ಸೇರಿಸದಿದ್ದುದಕ್ಕೆ ತಕ್ಕ ಕಾರಣ ದೊರೆಯಲಿಲ್ಲ; ಅದು ತಪ್ಪೆನಿಸಿತು. ಬಳಸುವವರು ಬೇರೆ ಬ್ರೌಸರನ್ನು ಆರಿಸಿದ್ದರೂ ಕೆಲವು ಸಂದರ್ಭಗಳಲ್ಲಿ ಎಕ್ಸ್‌ಪ್ಲೋರರೇ ತೆರೆಯುತ್ತಿದ್ದುದಕ್ಕೆ ಕಂಪನಿಯು ತಾಂತ್ರಿಕ ಕಾರಣಗಳನ್ನು ಒಡ್ಡಿತು. ವಾದಿಗಳು ಅವನ್ನು ಖಂಡಿಸದಿದ್ದುದರಿಂದ ಅದು ತಪ್ಪೆನಿಸಲಿಲ್ಲ. ಕಂಪನಿಯನ್ನು ಎರಡಾಗಿ ಒಡೆಯಬೇಕೆಂಬ ಕೆಳ ನ್ಯಾಯಾಲಯದ ಆಜ್ಞೆಯು ರದ್ದಾಯಿತು. ಅಕ್ರಮವಾಗಿ ಏಕಸ್ವಾಮ್ಯವನ್ನು ಕಾಯ್ದುಕೊಂಡಿತೆಂಬ ನಿರ್ಣಯವು ಉಳಿಯಿತು.

ನಮ್ಮ ದೇಶದಲ್ಲಿಯೂ ಈ ಪ್ರಶ್ನೆ ಎದ್ದಿದೆ. ಆಂಡ್ರಾಯ್ಡ್ ಫೋನುಗಳಿಗೆ ಸಂಬಂಧಿಸಿದ ಕಟ್ಟುಪಾಡುಗಳಿಗಾಗಿ 2022ರ ಅಕ್ಟೋಬರಿನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಗೂಗಲ್ ಕಂಪನಿಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. 2023ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿಯು ದಂಡವನ್ನು ಎತ್ತಿಹಿಡಿದು, ಆಯೋಗದ ನಾಲ್ಕು ನಿರ್ದೇಶನಗಳನ್ನು ತೆಗೆದುಹಾಕಿತು.

ಆದುದರಿಂದ ಕಟ್ಟುಪಾಡು ಇದೆಯೆಂಬ ಮಾತ್ರಕ್ಕೆ ಅದು ಅನ್ಯಾಯವಾಗದು. ‘ಭದ್ರತೆಗಾಗಿ’ ಎಂದ ಮಾತ್ರಕ್ಕೆ ನ್ಯಾಯವೂ ಆಗದು. ನಮ್ಮ ಫೋನಿನಲ್ಲಿ ತೆಗೆಯಲು ಬಾರದ ತಂತ್ರಾಂಶವೊಂದು ಕಂಡಾಗ ಆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಅಂಬಿಗನು ನಮ್ಮನ್ನು ಕಾಯುತ್ತಿದ್ದಾನೆಯೋ, ತಮ್ಮನ ಅಂಗಡಿಯನ್ನು ಕಾಯುತ್ತಿದ್ದಾನೆಯೋ ಎಂಬುದು ಆಗ ತಿಳಿದೀತು.