ಕೇಳುವುದನ್ನೂ ಕಲಿಯಬೇಕು, ಮಗೂ

ನಿನ್ನ ಕೈ ಚುರುಕು, ಗೊತ್ತು. ಷೆಡ್ಯೂಲ್ ಮಾಡಲು ಪ್ರಿಮಾವೆರಾ ತೆರೆದು ಕೂತರೆ ಸಾವಿರಾರು ಆಕ್ಟಿವಿಟಿಗಳನ್ನು ಒಂದಕ್ಕೊಂದು ಜೋಡಿಸಿಬಿಡುತ್ತೀಯ. ಬಾರ್‌ಗಳಿಗೆ ಬಣ್ಣ, ಮೂಲೆಯಲ್ಲಿ ಕಂಪನಿಯ ಲೋಗೋ, ಎ3 ಹಾಳೆಯಲ್ಲಿ ಪ್ರಿಂಟು. ಅದನ್ನು ಮ್ಯಾನೇಜರ ಮೇಜಿನ ಮೇಲಿಡುವಾಗ ನಿನ್ನ ಮುಖದಲ್ಲಿ ಏನು ಕಳೆ! ನನಗೂ ಖುಷಿಯೇ. ಆದರೆ ಅದೇ ಹಾಳೆ ಹಿಡಿದು ಒಬ್ಬ ಪಳಗಿದ ಪ್ಲ್ಯಾನರ್ ಮುಂದೆ ಕೂತು ನೋಡು, ಹತ್ತು ನಿಮಿಷದಲ್ಲಿ ಕಳೆ ಇಳಿಯುತ್ತದೆ. ಇಳಿಯಲಿ ಬಿಡು. ಆ ಹತ್ತು ನಿಮಿಷಕ್ಕಾಗಿ ನೀನು ಹಂಬಲಿಸಬೇಕು.

ಹಿಂದೆಲ್ಲ ಒಬ್ಬರೇ ಹಿರಿಯರು, ಅವರ ಪಕ್ಕದ ಕುರ್ಚಿ, ಅಷ್ಟೇ ಪಾಠಶಾಲೆ. ಅವರು ಬಾಯಿಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ನಿನ್ನ ಅದೃಷ್ಟ ನೋಡು. ದುಬೈಯಲ್ಲಿರುವ ಉಡುಪಿಯವರು, ರಿಯಾದ್‌ನಲ್ಲಿರುವ ಮಂಗಳೂರಿನವರು, ಪುಣೆಯಲ್ಲಿ ನಿವೃತ್ತರಾಗಿ ಕೂತ ಧಾರವಾಡದವರು, ಎಲ್ಲರೂ ನಿನ್ನ ಜೇಬಿನ ಫೋನಿಗೆ ಸಿಗುತ್ತಾರೆ. ದೂರದಿಂದಲೇ ನಿನ್ನ ಸ್ಕ್ರೀನ್ ನೋಡಿ ಮಾತಾಡುತ್ತಾರೆ. ಕೇಳಿದರೆ ಹೇಳುವ ಮನಸ್ಸು ಇವರಲ್ಲಿ ಬಹಳ ಮಂದಿಗಿದೆ. ಕೆಲಸ ಬಲ್ಲವರಿಗೆ ಅದನ್ನು ಹೇಳಿಕೊಡುವುದೂ ಒಂದು ಹಿಗ್ಗು.

ನೀನು ಕಳಿಸುವ ಮೆಸೇಜು ಮಾತ್ರ ಹೀಗಿರುತ್ತದೆ: "ಸರ್, ಪ್ರಾಜೆಕ್ಟ್ ಡಿಲೇ ಆಗಿದೆ, ರಿಕವರಿ ಪ್ಲ್ಯಾನ್ ಹೇಗೆ ಮಾಡೋದು? ಅರ್ಜೆಂಟ್."

ಪಾಪ, ಅವರು ಏನಂತ ಹೇಳಬೇಕು? ಯಾವ ಪ್ರಾಜೆಕ್ಟು, ಎಷ್ಟು ದಿನ ತಡ, ಯಾವ ಕೆಲಸದಿಂದ ತಡ, ನೀನೇನು ಮಾಡಿ ನೋಡಿದೆ, ಒಂದೂ ಇಲ್ಲ. ಅರ್ಜೆಂಟು ಒಂದೇ ಇದೆ. ಅದೇ ಮಾತನ್ನು ಹೀಗೆ ಬರೆ: "ಮೂರನೇ ಮಹಡಿ ಸ್ಲ್ಯಾಬ್ ಹದಿನೆಂಟು ದಿನ ಹಿಂದಿದೆ. ಎರಡನೇ ಮಹಡಿಯ ಸೆಂಟ್ರಿಂಗ್ ಬಿಚ್ಚದೆ ಮೇಲಕ್ಕೆ ಸಾಮಾನಿಲ್ಲ. ಇನ್ನೊಂದು ಸೆಟ್ ಬಾಡಿಗೆಗೆ ತಂದರೆ ಒಂಬತ್ತು ದಿನ ಉಳಿಯುತ್ತದೆ ಅಂತ ನನ್ನ ಲೆಕ್ಕ. ಲೆಕ್ಕ ಎಲ್ಲಿ ತಪ್ಪಿರಬಹುದು?" ಇಂಥದ್ದಕ್ಕೆ ಅವರು ಊಟ ಬಿಟ್ಟಾದರೂ ಉತ್ತರ ಬರೆಯುತ್ತಾರೆ. ಬರೆಯುವ ಹೊತ್ತಿಗೆ ಅರ್ಧ ಉತ್ತರ ನಿನಗೇ ಹೊಳೆದಿರುತ್ತದೆ, ಅದು ಬೇರೆ.

ಒಂದು ಪಾಠ ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ಕೆಲಸ. ನಿನ್ನ ವಯಸ್ಸಿನ ಹುಡುಗ ಸ್ಕ್ರೀನ್ ಹಂಚಿಕೊಂಡಿದ್ದ. ಆ ಕಡೆ ಗಲ್ಫ್‌ನಲ್ಲಿ ಕೂದಲು ನರೆತ ಒಬ್ಬ ಪ್ಲ್ಯಾನರಮ್ಮ. ಹುಡುಗ ಉತ್ಸಾಹದಿಂದ ಬಾರ್‌ಗಳನ್ನು ಮೇಲೆ ಕೆಳಗೆ ಓಡಿಸುತ್ತಿದ್ದ. "ನಿಲ್ಲಿಸಪ್ಪಾ," ಅಂದರು ಆಯಮ್ಮ. "ಸ್ಲ್ಯಾಬ್ ಹಾಕಿದ ಮೇಲೆ ಸೆಂಟ್ರಿಂಗ್ ಎಷ್ಟು ದಿನಕ್ಕೆ ಬಿಚ್ಚುತ್ತೀಯ?"

"ಏಳು ದಿನ, ಮೇಡಂ."

"ಸ್ಪ್ಯಾನ್ ಎಷ್ಟು?"

ಹುಡುಗ ಡ್ರಾಯಿಂಗ್ ಹುಡುಕಿದ. ಐದು ಮೀಟರಿಗೂ ಮೇಲಿತ್ತು. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಸ್ಲ್ಯಾಬಿಗೆ ನಾಲ್ಕೂವರೆ ಮೀಟರ್ ಸ್ಪ್ಯಾನ್ ತನಕ 7 ದಿನ, ಅದಕ್ಕಿಂತ ದೊಡ್ಡದಾದರೆ 14 ದಿನ ಜಾಕಿ ನಿಲ್ಲಬೇಕು ಅನ್ನುತ್ತದೆ ಐಎಸ್ 456, ಅಂದರೆ ನಮ್ಮ ದೇಶದ ಕಾಂಕ್ರೀಟ್ ಸಂಹಿತೆ, 2000ದ ಆವೃತ್ತಿ. ಆರು ಮೀಟರ್ ದಾಟಿದ ಬೀಮಿಗೆ 21 ದಿನ. ಹುಡುಗ ಪೆಚ್ಚಾಗಿ ಏಳನ್ನು ಅಳಿಸಿ ಹದಿನಾಲ್ಕು ಒತ್ತಿದ. ಆಯಮ್ಮ ಬಿಡಲಿಲ್ಲ. "ಹದಿನಾಲ್ಕು ದಿನ ಜಾಕಿ ನಿಂತಿದ್ದರೆ ಆ ಮಹಡಿಯಲ್ಲಿ ಬ್ಲಾಕ್ ಕಟ್ಟುವವರು ಎಲ್ಲಿ ನಿಲ್ಲುತ್ತಾರೆ? ಸ್ಟೋರಿನಲ್ಲಿ ಜಾಕಿ ಎಷ್ಟಿವೆ?" ಆಮೇಲೆ ಕ್ಯಾಲೆಂಡರ್ ತೆಗೆಸಿದರು. ಆ ಹದಿನಾಲ್ಕು ದಿನವನ್ನು ಹುಡುಗ ಕೂಲಿಯವರ ಕ್ಯಾಲೆಂಡರಿಗೆ ಕಟ್ಟಿದ್ದ, ವಾರಕ್ಕೆ ಆರೇ ದಿನ. ಕಂಪ್ಯೂಟರು ಭಾನುವಾರಗಳನ್ನು ಬಿಟ್ಟು ಎಣಿಸಿ ಹದಿನಾರಕ್ಕೆ ತಂದು ನಿಲ್ಲಿಸಿತ್ತು. "ಕಾಂಕ್ರೀಟು ಭಾನುವಾರ ರಜೆ ಹಾಕುತ್ತದೇನಪ್ಪಾ?" ಒಂದೊಂದು ಮಹಡಿಗೂ ಎರಡು ದಿನ ಪುಕ್ಕಟೆ ಸೋರುತ್ತಿತ್ತು, ಯಾರ ಕಣ್ಣಿಗೂ ಬಿದ್ದಿರಲಿಲ್ಲ. "ಜಾಕಿ ಎಣಿಸಿಕೊಂಡು ಬಾ, ನಾಳೆ ಮಾತಾಡೋಣ" ಅಂತ ಫೋನಿಟ್ಟರು.

ಹುಡುಗನಿಗೆ ಬೇಜಾರಾಯಿತು. ಏನೂ ಹೇಳಿಕೊಡದೆ ಓಡಿಸಿಬಿಟ್ಟರು ಅಂದ. ಅಲ್ಲಪ್ಪಾ, ಸ್ಪ್ಯಾನ್ ಎಷ್ಟು, ಜಾಕಿ ಎಷ್ಟು, ಯಾರು ಎಲ್ಲಿ ನಿಲ್ಲುತ್ತಾರೆ, ಯಾವ ಕ್ಯಾಲೆಂಡರು, ಇವನ್ನು ಆಯಮ್ಮ ಎಷ್ಟು ಬಿಲ್ಡಿಂಗ್‌ಗಳ ಧೂಳು ಕುಡಿದು ಗಳಿಸಿದ್ದೋ! ಅನುಭವಿಗಳ ಗಂಟು ಇರುವುದೇ ಅವರು ತಿರುಗಿ ಕೇಳುವ ಪ್ರಶ್ನೆಗಳಲ್ಲಿ. ಉತ್ತರ ಆ ಒಂದು ಮಹಡಿಗೆ ಮುಗಿಯಿತು. ಪ್ರಶ್ನೆ ನಿನ್ನ ಮುಂದಿನ ಎಲ್ಲ ಕೆಲಸಕ್ಕೂ ಬರುತ್ತದೆ. ಹಾಗಾಗಿ ಒಂದು ನೋಟ್‌ಬುಕ್ ಇಡು. ಅವರು ಏನು ಹೇಳಿದರು ಅಂತ ಎಡಗಡೆ ಬರೆ, ಏನು ಕೇಳಿದರು ಅಂತ ಬಲಗಡೆ ಬರೆ. ಬಲಗಡೆಯದನ್ನು ಮುಂದಿನ ಷೆಡ್ಯೂಲ್ ಕಳಿಸುವ ಮುನ್ನ ನಿನಗೆ ನೀನೇ ಕೇಳಿಕೋ.

ಜಂಭ ಬೇಡ, ಮುಚ್ಚುಮರೆಯಂತೂ ಬೇಡವೇ ಬೇಡ. ಫೈಲು ತೋರಿಸುವ ಹಿಂದಿನ ರಾತ್ರಿ ಕೂತು ತಿಪ್ಪೆ ಸಾರಿಸುತ್ತೀಯಲ್ಲ, ಅದನ್ನು ನಾನು ಬಲ್ಲೆ. ಕೊನೆಯ ಆಕ್ಟಿವಿಟಿಗೆ ಒಂದು ಮ್ಯಾಂಡೇಟರಿ ಫಿನಿಷ್ ಜಡಿದು ತಾರೀಖು ಕೂರಿಸಿಬಿಡುವುದು, ಎಲ್ಲಿ ಮೈನಸ್ ಫ್ಲೋಟ್ ಕಂಡಿತೋ ಅಲ್ಲಿ ಎರಡು ಲಿಂಕ್ ಕತ್ತರಿಸುವುದು, ಡೇಟಾ ಡೇಟ್ ಮುಂದೂಡದೆ ಹಳೆಯದನ್ನೇ ಬಿಡುವುದು. ವೈದ್ಯರ ಮುಂದೆ ಕೂತು ಹೊಟ್ಟೆನೋವನ್ನು ಬಚ್ಚಿಟ್ಟ ಹಾಗಾಯಿತು. ಪಳಗಿದ ಕಣ್ಣಿಗೆ ಅದು ಐದು ನಿಮಿಷದಲ್ಲಿ ಸಿಕ್ಕಿಬೀಳುತ್ತದೆ. ಸಿಕ್ಕಿಬಿದ್ದ ಮೇಲೆ ಮುಂದಿನ ಪಾಠ ನಿಲ್ಲುತ್ತದೆ. ಕೆಂಪು ಇದ್ದರೆ ಕೆಂಪನ್ನೇ ತೋರಿಸು.

ಇನ್ನು ಕೆಲವರು ಚೆಕ್‌ಲಿಸ್ಟ್ ಹಿಡಿದು ಬರುತ್ತಾರೆ. ಅಮೆರಿಕದ ರಕ್ಷಣಾ ಇಲಾಖೆಯ ಡಿಸಿಎಂಎ ಮಾಡಿದ ಹದಿನಾಲ್ಕು ಅಂಶಗಳ ಪರೀಕ್ಷೆ ಇದೆ, ನೀನೂ ಓದಿರುತ್ತೀಯ. 44 ಕೆಲಸದ ದಿನಕ್ಕಿಂತ ಉದ್ದದ ಆಕ್ಟಿವಿಟಿ ನೂರಕ್ಕೆ ಐದರೊಳಗಿರಬೇಕು, ಲೀಡ್ ಇರಕೂಡದು, ಹೀಗೆ. ಒಳ್ಳೆಯ ಪರೀಕ್ಷೆ, ಮಾಡು. ಆದರೆ ಏಳು ದಿನದ ಸೆಂಟ್ರಿಂಗ್ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಜಾಕಿ ಎಷ್ಟಿವೆ ಅಂತ ಅದು ಕೇಳುವುದಿಲ್ಲ.

ಗುರು ಅಂದರೆ ದೂರದಲ್ಲೇ ಇರಬೇಕೆಂದೇನೂ ಇಲ್ಲ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆಯಬೇಡ. ನಿನ್ನ ಸೈಟಿನಲ್ಲೇ ಸೆಂಟ್ರಿಂಗ್ ಮೇಸ್ತ್ರಿ ಇದ್ದಾರೆ, ಬಾರ್ ಬೆಂಡರ್ ಇದ್ದಾರೆ. ಅವರ ಹತ್ತಿರ ಹೋಗಿ "ಎಷ್ಟು ದಿನ?" ಅಂತ ಒಂದೇ ಪ್ರಶ್ನೆ ಎಸೆದರೆ ನಿನಗೆ ಬೇಕಾದ ಉತ್ತರವನ್ನೇ ಕೊಟ್ಟು ಕಳಿಸುತ್ತಾರೆ. ಮೂರು ಸಲ ಕೇಳು. ಎಲ್ಲ ಸರಿಯಾಗಿ ನಡೆದರೆ ಎಷ್ಟು ದಿನ, ಮಾಮೂಲಿಗೆ ಎಷ್ಟು, ಎಲ್ಲ ಕೆಟ್ಟರೆ ಎಷ್ಟು. 1958ರಲ್ಲಿ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ ಪರ್ಟ್ ಪದ್ಧತಿ ಕಟ್ಟಿದಾಗ ಕೇಳಿದ್ದೂ ಇದೇ ಮೂರನ್ನು. ಮಾಮೂಲಿಯನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸು. ಮೇಸ್ತ್ರಿ ಆರು, ಎಂಟು, ಹದಿನಾರು ಅಂದರೆ ಒಂಬತ್ತು ಬರುತ್ತದೆ. ಈ ಲೆಕ್ಕ ಪುಸ್ತಕದಲ್ಲೂ ಇದೆ. "ಹದಿನಾರು ಯಾಕಣ್ಣಾ?" ಅಂತ ನೀನು ಕೇಳಿದ ಮೇಲೆ ಅವರು ಶುರುಮಾಡುತ್ತಾರಲ್ಲ, ಆ ಕತೆ ಯಾವ ಪುಸ್ತಕದಲ್ಲೂ ಇಲ್ಲ. ಜಲ್ಲಿ ಲಾರಿ ಹಗಲು ಬಿಡುವುದಿಲ್ಲ, ಪಂಪು ಪಕ್ಕದ ಸೈಟಿನವರ ಜೊತೆ ಹಂಚಿಕೆ, ಯುಗಾದಿ ಹತ್ತಿರ ಬಂದರೆ ಯಾದಗಿರಿ, ರಾಯಚೂರಿನ ಹುಡುಗರು ಊರಿಗೆ ಹೊರಡುತ್ತಾರೆ. ಚಾ ಕುಡಿಸು, ಕೂತು ಕೇಳು. ಆಮೇಲೆ ಆ ಕತೆ ಹಿಡಿದು ಗಲ್ಫ್‌ನವರ ಹತ್ತಿರ ಹೋಗು.

ಯಾಕೆಂದರೆ ಅನುಭವಕ್ಕೂ ಒಂದು ಊರಿರುತ್ತದೆ. ದುಬೈಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ದುಡಿಸುವಂತಿಲ್ಲ, ಕಾನೂನೇ ಇದೆ. ಅಲ್ಲಿನವರು ಬೇಸಿಗೆಯ ದಿನಗಳನ್ನು ಅದಕ್ಕೆ ತಕ್ಕಂತೆ ಎಣಿಸುತ್ತಾರೆ. ಅದೇ ಜೂನ್‌ನಲ್ಲಿ ನಮ್ಮ ಕರಾವಳಿಯಲ್ಲಿ ಮಣ್ಣಗೆಯುವ ಕೆಲಸವೇ ಬಂದ್. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರಿನ ಸಂಜೆ ಮಳೆ ಇನ್ನೊಂದು ಬಗೆ. ಬಿಹಾರದ ಕೆಲಸಗಾರರು ಹೋಳಿ, ಛಠ್ ಹಬ್ಬಗಳಿಗೆ ಊರಿಗೆ ಹೋದರೆ ಎಂದು ಬರುತ್ತಾರೋ ಅವರಿಗೇ ಗೊತ್ತು. ಹಿರಿಯರು ಕೊಟ್ಟ ಅಂಕಿಯನ್ನು ಹಾಗೇ ಇಳಿಸಿಕೊಳ್ಳಬೇಡ. ಆ ಅಂಕಿಗೆ ಅವರು ಹೇಗೆ ಬಂದರು ಅಂತ ಕೇಳಿ, ಆ ದಾರಿಯಲ್ಲಿ ನಿನ್ನ ಮಳೆ, ನಿನ್ನ ಹಬ್ಬ, ನಿನ್ನ ಜನವನ್ನು ಇಟ್ಟು ನಡೆ. "ಸರ್, ನಿಮ್ಮ ಹಳೆ ಷೆಡ್ಯೂಲ್ ಫೈಲ್ ಕೊಡಿ, ಹೆಸರು ಬದಲಾಯಿಸಿಕೊಳ್ತೀನಿ" ಅಂತ ಮಾತ್ರ ಯಾವತ್ತೂ ಕೇಳಬೇಡ. ಕೇಳಿದ ದಿನವೇ ನಿನ್ನ ಮೇಲಿನ ನಂಬಿಕೆ ಅರ್ಧ ಹೋಗಿರುತ್ತದೆ.

ಅವರ ಗೆಲುವಿಗಿಂತ ಅವರು ಒದ್ದಾಡಿದ ಜಾಗವನ್ನು ಕೇಳು. ಕೊಂಕಣ ರೈಲನ್ನೇ ತೆಗೆದುಕೋ. ಇ. ಶ್ರೀಧರನ್ ಅವರ ಮುಂದಾಳುತನ, 1990ರಲ್ಲಿ ಶುರು, ಐದು ವರ್ಷದ ಗುರಿ. 1993ರಲ್ಲೇ ಮಂಗಳೂರು, ಉಡುಪಿ ನಡುವೆ ರೈಲು ಓಡಿತು. ಆದರೆ ದಾರಿ ಪೂರ್ತಿ ತೆರೆದದ್ದು 1998ರ ಜನವರಿ 26ಕ್ಕೆ. ಗೋವಾದ ಪೆರ್ನೆಂ ಸುರಂಗದಲ್ಲಿ ನೀರು ಕುಡಿದ ಮೆತ್ತನೆ ಮಣ್ಣು ಮತ್ತೆ ಮತ್ತೆ ಕುಸಿಯಿತು. ಅಂಥ ಕೆಲಸದಲ್ಲಿ ಇದ್ದವರು ಯಾರಾದರೂ ನಿನಗೆ ಸಿಕ್ಕರೆ ಸೇತುವೆ ಎಷ್ಟು ಎತ್ತರ ಅಂತ ಕೇಳಿ ಹೊತ್ತು ಕಳೆಯಬೇಡ, ಅದು ಎಲ್ಲ ಕಡೆ ಬರೆದಿದೆ. "ಮಣ್ಣು ಕೈಕೊಟ್ಟಾಗ ಮೊದಲು ಯಾವ ತಾರೀಖನ್ನು ಬದಲಾಯಿಸಿದಿರಿ? ಮೇಲಿನವರಿಗೆ ಯಾವಾಗ ಹೇಳಿದಿರಿ?" ಅಂತ ಕೇಳು. ತಡವಾಗುತ್ತದೆ ಅಂತ ಗೊತ್ತಾದ ಕ್ಷಣಕ್ಕೂ ಅದನ್ನು ಬಾಯಿಬಿಟ್ಟು ಹೇಳಿದ ಕ್ಷಣಕ್ಕೂ ನಡುವೆ ಇರುವ ದಿನಗಳಲ್ಲೇ ಒಬ್ಬ ಪ್ಲ್ಯಾನರನ ಗುಣ ಕಾಣುವುದು. ಆ ದಿನಗಳು ಕಡಿಮೆ ಇರುವವರ ಬೆನ್ನು ಹಿಡಿ.

ಸಣ್ಣ ರೀತಿನೀತಿ ಒಂದೆರಡು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ರಿಯಾದ್ ಎರಡೂವರೆ. ನೀನು ಬೆಳಿಗ್ಗೆ ಏಳಕ್ಕೆ ಫೋನ್ ಮಾಡಿದರೆ ರಿಯಾದಿನವರು ಹಾಸಿಗೆಯಲ್ಲಿರುತ್ತಾರೆ. ರಿಯಾದಿನಲ್ಲಿ ಶುಕ್ರವಾರ ರಜೆ, ಅವತ್ತು ಮನೆಯವರ ಜೊತೆ ಇರಲಿ ಬಿಡು. ಉತ್ತರ ಬರಲಿಲ್ಲ ಅಂತ ಮೂರು ಪ್ರಶ್ನಾರ್ಥಕ ಚಿಹ್ನೆ ಒತ್ತುವ ಚಾಳಿ ಬಿಡು. ಇನ್ನೊಂದು, ಇದು ಸಣ್ಣದೂ ಅಲ್ಲ: ನಿನ್ನ ಕಂಪನಿಯ ಫೈಲು ನಿನ್ನ ಆಸ್ತಿಯಲ್ಲ. ರೇಟು, ಗುತ್ತಿಗೆಯ ಷರತ್ತು, ಕ್ಲೈಂಟ್ ಹೆಸರು ಯಾವುದೂ ಹೊರಗೆ ಹೋಗಕೂಡದು. ಮ್ಯಾನೇಜರನ್ನು ಕೇಳು. ಬೇಡ ಅಂದರೆ ಸಿಕ್ಕಿಕೊಂಡ ಹತ್ತು ಆಕ್ಟಿವಿಟಿಯನ್ನು ಮಾತ್ರ ಬೇರೆ ಹಾಳೆಯಲ್ಲಿ ಕೈಯಲ್ಲಿ ಬರೆದು ಫೋಟೋ ಕಳಿಸು. ಕೈಯಲ್ಲಿ ಬರೆಯುವಾಗ ನಿನ್ನ ಲಾಜಿಕ್ಕು ಎಲ್ಲಿ ಹಳ್ಳ ಹಿಡಿದಿದೆ ಅಂತಲೂ ಕಾಣುತ್ತದೆ.

ಹಿರಿಯರು ಹೇಳಿದ್ದು ನಿನಗೆ ಒಪ್ಪಿಗೆಯಾಗದಿದ್ದರೆ ಹೇಳು. "ಹೌದು ಸರ್" ಅಂತ ತಲೆಯಾಡಿಸಿ ಆಮೇಲೆ ನಿನ್ನ ಮೂಗಿನ ನೇರಕ್ಕೇ ಮಾಡುವುದು ಅವರ ಹೊತ್ತಿಗೆ ಮಾಡುವ ಅವಮಾನ. "ನಮ್ಮ ಸೈಟಿನಲ್ಲಿ ಕ್ರೇನ್ ಒಂದೇ ಇದೆ, ನೀವು ಹೇಳಿದ ಹಾಗೆ ಎರಡು ಕಡೆ ಒಟ್ಟಿಗೆ ಆಗಲಿಕ್ಕಿಲ್ಲ" ಅಂದರೆ ಅವರಿಗೆ ಸಿಟ್ಟು ಬರುವುದಿಲ್ಲ. ನೀನು ಸೈಟು ನೋಡಿದ್ದೀಯ ಅಂತ ಗೊತ್ತಾಗುತ್ತದೆ.

ನಿಮ್ಮಲ್ಲಿ ಬಹಳ ಜನ ಕೇಳುತ್ತೀರಿ, ಉತ್ತರ ಸಿಕ್ಕ ಕೂಡಲೇ ಕೈಮುಗಿಯುವ ಚಿತ್ರವೊಂದನ್ನು ಒತ್ತಿ ಮಾಯವಾಗುತ್ತೀರಿ. ಆಮೇಲೆ ಏನಾಯಿತು ಅಂತ ಅವರಿಗೆ ತಿಳಿಯುವುದೇ ಇಲ್ಲ. ಇನ್ನೊಂದು ಸೆಟ್ ಸೆಂಟ್ರಿಂಗ್ ತಂದೆಯಾ? ಒಂಬತ್ತು ದಿನ ಉಳಿಯಿತಾ, ನಾಲ್ಕೇ ಉಳಿಯಿತಾ? ಹಾಗಾಗಿ ಸ್ಲ್ಯಾಬ್ ಬಿದ್ದ ವಾರದಲ್ಲೇ ಬರೆ. ಪ್ಲ್ಯಾನಿನ ತಾರೀಖು ಇದು, ನಡೆದ ತಾರೀಖು ಇದು, ನಡುವಿನ ವ್ಯತ್ಯಾಸ ಇಂಥ ಕಾರಣಕ್ಕೆ ಬಂತು, ಅಂತ ಮೂರೇ ಸಾಲು. ನಾಲ್ಕೇ ದಿನ ಉಳಿದಿದ್ದರೂ ನಾಲ್ಕು ಅಂತಲೇ ಬರೆ. ಆ ಮೂರು ಸಾಲು ಓದಿದ ಮೇಲೆ ಮುಂದಿನ ಸಲ ಫೋನು ಅವರಿಂದಲೇ ಬರುತ್ತದೆ: "ಏನಪ್ಪಾ, ನಾಲ್ಕನೇ ಮಹಡಿ ಎಲ್ಲಿಗೆ ಬಂತು?"