ಗರಿಕೆ ಬದುವಿನಲ್ಲಿರಲಿ, ಪಾತಿಗೆ ಬಾರದಿರಲಿ

ಬದುವಿನ ಮೇಲಿನ ಗರಿಕೆ ರೈತನಿಗೆ ಬೇಕಾದ ಹುಲ್ಲು. ಮಣ್ಣು ಕೊಚ್ಚಿ ಹೋಗದಂತೆ ಹಿಡಿಯುತ್ತದೆ, ದನಕರುಗಳಿಗೆ ಮೇವಾಗುತ್ತದೆ, ಗಣೇಶನ ಪೂಜೆಗೂ ಒದಗುತ್ತದೆ. ಅದೇ ಗರಿಕೆ ಬದುವಿನಿಂದ ಇಳಿದು ಅಡಿಕೆ ಸಸಿಯ ಪಾತಿಯನ್ನು ಹೊಕ್ಕಿತೆಂದರೆ, ನಾವು ಕೊಟ್ಟ ನೀರು ಗೊಬ್ಬರಗಳಲ್ಲಿ ಮೊದಲ ಪಾಲು ಅದರದೇ ಆಗುತ್ತದೆ. ಆದುದರಿಂದ ಅದನ್ನು ಅದರ ಎಲ್ಲೆಯಲ್ಲೇ ನಿಲ್ಲಿಸುವ ಕ್ರಮವನ್ನು ಬೆಳೆಗಾರರು ಅರಿತಿರಬೇಕು.

ಗರಿಕೆ ಬಿಸಿಲನ್ನು ಬಯಸುವ ಹುಲ್ಲು. ಮಲೆನಾಡಿನ ಕಾಫಿ ತೋಟದ ದಟ್ಟ ನೆರಳಿನಲ್ಲಿ ಅದು ಸೊರಗುತ್ತದೆ; ಅಲ್ಲಿ ಅದರ ಕಾಟವೇನಿದ್ದರೂ ತೆರವಾದ ಜಾಗಗಳಲ್ಲಿ ಮತ್ತು ಸಸಿಮಡಿಗಳ ಅಂಚಿನಲ್ಲಿ. ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನ ಕಡೆಯ ಬಯಲು ಜಮೀನಿನ ಮಾತೇ ಬೇರೆ. ಅಲ್ಲಿ ಎಳೆಯ ತೋಟಕ್ಕೆ ನೆರಳು ಕೂಡುವವರೆಗೆ ಗರಿಕೆಗೆ ತಡೆಯೇ ಇಲ್ಲ.

ಹರಡುವ ಬಗೆ

ಗರಿಕೆಗೆ ಎರಡು ದಾರಿಗಳಿವೆ. ನೆಲದ ಮೇಲೆ ಹಂಬು ಹರಿದು ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತದೆ. ನೆಲದೊಳಗೆ ಬಿಳಿಯ ಬೇರುಕಾಂಡ ಚಾಚುತ್ತದೆ. ಇದರ ಹೆಚ್ಚು ಪಾಲು ಮೇಲಿನ 6 ಅಂಗುಲದಲ್ಲಿರುತ್ತದೆ, ಸಡಿಲ ಮಣ್ಣಿನಲ್ಲಿ ಇನ್ನೂ ಆಳಕ್ಕೆ ಇಳಿಯುತ್ತದೆ. ಗೆಣ್ಣಿರುವ ಒಂದು ತುಂಡು ಉಳಿದರೂ ಚಿಗುರುತ್ತದೆ. ಒದ್ದೆ ನೆಲದಲ್ಲಿ ಗುದ್ದಲಿಯಿಂದ ಕೊಚ್ಚಿದರೆ ಒಂದು ಗಿಡ ಹತ್ತಾಗುವುದು ಈ ಕಾರಣದಿಂದಲೇ.

ಅಂಚಿನ ಕಾಲುವೆ

10 ಗುಂಟೆಯ ತಾಕೆಂದರೆ 10,890 ಚದರಡಿ. ಅದು ಚೌಕವಾಗಿದ್ದರೆ ನಾಲ್ಕೂ ಬದಿ ಸೇರಿ ಸುಮಾರು 420 ಅಡಿ. ತಾಕನ್ನೆಲ್ಲ ಕಳೆ ಕೀಳುವುದಕ್ಕಿಂತ ಈ 420 ಅಡಿಯನ್ನು ಕಾಯುವುದು ಸುಲಭವಲ್ಲವೇ?

1. ಬದುವಿನ ಬುಡದಿಂದ ತುಸು ಈಚೆಗೆ, ಗುದ್ದಲಿಯಗಲ, 9ರಿಂದ 10 ಅಂಗುಲ ಆಳದ ಕಾಲುವೆ ತೆಗೆಯಿರಿ. ತೋಟದ ಕಡೆಯ ಗೋಡೆ ನೆಟ್ಟಗಿರಲಿ. ಅಡಿಕೆ ಬೇರಿಗೆ ಪೆಟ್ಟಾಗದಂತೆ ಬುಡದಿಂದ 3 ಅಡಿಗೂ ಹೆಚ್ಚು ದೂರವಿರಲಿ.

2. ಇಳಿಜಾರಿದ್ದರೆ ಹತ್ತು ಅಡಿಗೊಂದು ಅಡ್ಡಗಟ್ಟೆ ಬಿಡಿ. ಇಲ್ಲವಾದರೆ ಮಳೆನೀರು ಮಣ್ಣನ್ನು ಒಯ್ಯುತ್ತದೆ. ಆ ಗಟ್ಟೆಗಳೇ ಹಂಬಿಗೆ ಸೇತುವೆಯಾಗದಂತೆ ನೋಡಿಕೊಳ್ಳಿ.

3. ಕಾಲುವೆಗೆ ಇಳಿಬಿದ್ದ ಹಂಬನ್ನು ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಕತ್ತರಿಸಿ ದನಗಳಿಗೆ ಹಾಕಿ. ಕಾಲುವೆ ಮಣ್ಣು ತುಂಬಿಕೊಂಡರೆ ತೆಗೆದೂ ಪ್ರಯೋಜನವಿಲ್ಲ.

ಒಳಗೆ ಬಂದದ್ದಕ್ಕೆ

ಮಾರ್ಚ್, ಏಪ್ರಿಲ್ ತಿಂಗಳ ಒಣ ನೆಲದಲ್ಲಿ ಮುಳ್ಳುಗುದ್ದಲಿಯಿಂದ ಬೇರುಕಾಂಡವನ್ನು ತುಂಡಾಗದಂತೆ ಎತ್ತಿ, ಬಿಸಿಲಿನಲ್ಲಿ ಹರಡಿ ಗರಿಗರಿಯಾಗುವವರೆಗೆ ಒಣಗಿಸಿ. ಹಸಿಯದನ್ನು ತಿಪ್ಪೆಗೆ ಹಾಕಿದರೆ ಗೊಬ್ಬರದೊಡನೆ ಮತ್ತೆ ಪಾತಿಗೆ ಬರುತ್ತದೆ. ಮಳೆ ಬಿದ್ದೊಡನೆ ಸಾಲುಗಳ ನಡುವೆ ಅಲಸಂದೆ ಅಥವಾ ಹುರುಳಿ ಬಿತ್ತಿ. ಪಾತಿಗೆ ಅಡಿಕೆ ಸೋಗೆ, ತೆಂಗಿನ ಗರಿಗಳನ್ನು ದಪ್ಪನಾಗಿ ಹೊದಿಸಿ. ಬೆಳಕು ತಪ್ಪಿದರೆ ಗರಿಕೆಯ ಬಲ ಕುಂದುತ್ತದೆ.

ಕಳೆನಾಶಕದ ವಿಷಯ

ಸಿಂಪಡಿಸಿ ಮುಗಿಸಿಬಿಡೋಣ ಎನ್ನುವವರು ಎರಡು ಸಂಗತಿ ನೆನಪಿಡಬೇಕು. ಗ್ಲೈಫೊಸೇಟ್‌ನಂಥ ಔಷಧಿ ಎಳೆಯ ಸಸಿಯ ಎಲೆಗೋ ಹಸಿರು ಕಾಂಡಕ್ಕೋ ತಾಗಿದರೆ ಸಸಿಯನ್ನೂ ಕೆಡಿಸುತ್ತದೆ. ಎರಡನೆಯದಾಗಿ, ಇದು ರೇಷ್ಮೆಯ ಸೀಮೆ. ಗಾಳಿಗೆ ತೂರಿದ ಹನಿ ಪಕ್ಕದವರ ಹಿಪ್ಪುನೇರಳೆಯ ಮೇಲೆ ಬಿದ್ದರೆ ಸೊಪ್ಪು ಹಾಳು. ಜ್ವರಕ್ಕೆದ್ದ ಹುಳುವಿಗೆ ಸೊಪ್ಪಿಲ್ಲದಿದ್ದರೆ ಆ ಮನೆಯ ಒಂದು ಬೆಳೆಯೇ ಹೋದಂತೆ. ನಮ್ಮ ಹುಲ್ಲಿನ ಬೆಲೆಯನ್ನು ನೆರೆಯವರು ತೆರುವಂತಾಗಬಾರದು.

ಬದು ಇಬ್ಬರದಾದರೆ ಕಾಲುವೆಯನ್ನು ಇಬ್ಬರೂ ಮಾತಾಡಿಕೊಂಡು ತಮ್ಮ ತಮ್ಮ ಕಡೆ ತೆಗೆಯುವುದು ಲೇಸು. ಮೊದಲ ಎರಡು ಮೂರು ವರ್ಷ ಅಂಚನ್ನು ತಪ್ಪದೆ ಕಾಯ್ದರೆ, ಮುಂದೆ ತೋಟದ ನೆರಳೇ ಬಹುಪಾಲು ಕಾವಲು ಮಾಡುತ್ತದೆ.